ಹೊಸ ಮುಳ್ಳಿನ ದನಿಗಳು

ಅಥವಾ ನನ್ನ ನೆನಪಿನ ಆ ಕೆಮ್ಮು ಮೈಕಿನವರದ್ದೇ ಅಲ್ಲ, ಯಾವುದೋ ಗ್ರಾಮಫೋನ್ ಪ್ಲೇಟಿನದ್ದು. ಹಾಡು ಶುರುವಾಗುವ ಮೊದಲು ಸಣ್ಣಗೆ ಒಮ್ಮೆ ಕೆಮ್ಮಿ, ಯಾರಲ್ಲೋ ಕ್ಷಮೆ ಕೇಳಿದ ಹಾಗೆ ಮೂಗಿನಲ್ಲೇ ನಕ್ಕು, ಆಮೇಲೆ ಬಾಯಿ ತೆರೆಯುವ ಒಬ್ಬ ಗಾಯಕನ ಪ್ಲೇಟು ಅವರಲ್ಲಿತ್ತು. ಅವರು ತೀರಿಕೊಂಡರೆಂದು ಹೋದ ವಾರ ಬಂಟವಾಳದಿಂದ ಬಂದ ಸಹೋದ್ಯೋಗಿಯೊಬ್ಬರು ಹೇಳಿದರು. ಅಂದಿನಿಂದ ಅವರ ದನಿಯನ್ನು ನೆನಪಿಗೆ ತಂದುಕೊಳ್ಳಲು ನೋಡುತ್ತಿದ್ದೇನೆ. ಬರುವುದು ಆ ಕೆಮ್ಮು ಮಾತ್ರ. ಲೋಕದ ವಿಚಿತ್ರ ದನಿಗಳನ್ನೆಲ್ಲ ನನಗೆ ಪರಿಚಯ ಮಾಡಿಕೊಟ್ಟ ಮನುಷ್ಯನ ಸ್ವಂತ ದನಿ ನನ್ನ ಕಿವಿಯಲ್ಲಿ ಉಳಿದಿಲ್ಲ.

ಆದ್ದರಿಂದ ಮುಂದೆ ಅವರು ಆಡಿದ ಮಾತೆಂದು ನಾನು ಬರೆಯುವುದನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಅವರು ಹೇಳಿದ್ದು ಹೆಚ್ಚಿನದೂ ತುಳುವಿನಲ್ಲಿ. ನಾನು ಬರೆಯುತ್ತಿರುವುದು ಕನ್ನಡದಲ್ಲಿ. ಅಲ್ಲೇ ಒಂದು ಸುಳ್ಳು ಸೇರಿಕೊಂಡಿತು.

ಅವರ ಹೆಸರು ಬರೆಯುವುದಿಲ್ಲ. ಅವರೂ ತಮ್ಮ ಗಾಯಕರ ಹೆಸರನ್ನು ಯಾವತ್ತೂ ಹೇಳಿದವರಲ್ಲ.

ಮೂಡುಬಿದಿರೆಯಲ್ಲಿ ನಮ್ಮ ಮನೆಗೆ ತಾಗಿ, ಬೀದಿಗೆ ಮುಖ ಮಾಡಿದ ಒಂದು ಕೋಣೆ ಇತ್ತು. ನನಗೆ ಹದಿನೈದಾಗಿದ್ದಾಗ ಅಪ್ಪ ಅದನ್ನು ಅವರಿಗೆ ಬಾಡಿಗೆಗೆ ಕೊಟ್ಟರು. ಊರಿಗೆ ಅವರು ‘ಮೈಕಿನವರು’. ಮದುವೆ, ಉಪನಯನ, ಶಾಲೆಯ ವಾರ್ಷಿಕೋತ್ಸವ, ಚುನಾವಣೆಯ ಭಾಷಣ, ಎಲ್ಲಿ ಗದ್ದಲ ಬೇಕೋ ಅಲ್ಲಿಗೆ ಅವರು ಬೇಕು. ಎರಡು ತುತ್ತೂರಿ ಸ್ಪೀಕರು, ಒಂದು ಬ್ಯಾಟರಿ, ಕೀಲಿ ಕೊಡುವ ಒಂದು ಗ್ರಾಮಫೋನು, ಹಳೆಯ ಸೀರೆಯಲ್ಲಿ ಸುತ್ತಿಟ್ಟ ಪ್ಲೇಟುಗಳ ಪೆಟ್ಟಿಗೆ. ಇಷ್ಟನ್ನೂ ಬಸ್ಸಿನ ಮೇಲೆ ಹೇರಿಕೊಂಡು ವೇಣೂರು, ಬೆಳ್ತಂಗಡಿ, ಉಜಿರೆ ಎಂದು ಸುತ್ತುತ್ತಿದ್ದರು. ಪ್ಲೇಟಿನ ಪೆಟ್ಟಿಗೆಯನ್ನು ಮಾತ್ರ ಮೇಲೆ ಇಡಲು ಬಿಡದೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅವರ ಸಂಸಾರ ಬಂಟವಾಳದಲ್ಲಿ. ಕೆಲಸವಿಲ್ಲದ ವಾರ ಅಲ್ಲಿಗೆ ಹೋಗುತ್ತಿದ್ದರು.

ಅವರ ಹೆಮ್ಮೆ ಒಂದೇ: ಒಂದು ಪ್ಲೇಟಿಗೂ ಮುಂದಿನ ಪ್ಲೇಟಿಗೂ ನಡುವೆ ತೆರಪು ಬಿಡದಿರುವುದು. ಮೂರು ಮಿನಿಟಿಗೆ ಒಂದು ಬದಿ ಮುಗಿಯುತ್ತದೆ. ಕೂಡಲೇ ಪ್ಲೇಟು ಮಗುಚಬೇಕು, ಅದರ ಮೇಲೆ ಓಡುವ ಉಕ್ಕಿನ ಮುಳ್ಳು ಬದಲಿಸಬೇಕು, ಕೀಲಿ ಕೊಡಬೇಕು. ಬೇರೆಯವರು ಮಾಡಿದರೆ ಅಷ್ಟು ಹೊತ್ತು ಚಪ್ಪರದಲ್ಲಿ ಜನರ ಮಾತು ಕೇಳಿಸುತ್ತದೆ. ಇವರು ಮಾಡಿದರೆ ಅನ್ನ ಬಡಿಸುವವನು ಸೌಟು ಎತ್ತಿ ಇಳಿಸುವುದರೊಳಗೆ ಮುಂದಿನ ಹಾಡು. ಒಮ್ಮೆ ವೇಣೂರಿನಲ್ಲಿ ಊಟದ ಪಂಕ್ತಿ ಕೂತಾಗಲೇ ಯಂತ್ರದ ಸ್ಪ್ರಿಂಗು ಕಡಿದುಹೋಯಿತಂತೆ. ಇವರು ಹಾಡು ನಿಲ್ಲಿಸಲಿಲ್ಲ. ಮಂಡಿಯೂರಿ ಕೂತು ತೋರುಬೆರಳನ್ನು ಪ್ಲೇಟಿನ ಅಂಚಿಗಿಟ್ಟು ತಿರುಗಿಸುತ್ತ ಇಡೀ ಪಂಕ್ತಿ ಏಳುವ ತನಕ ಹಾಡಿಸಿದರು. ಒಬ್ಬರಿಗೂ ಗೊತ್ತಾಗಲಿಲ್ಲ. ಅವರ ತೋರುಬೆರಳಿನ ತುದಿ ಜಡ್ಡುಗಟ್ಟಿತ್ತು, ಅದನ್ನು ತೋರಿಸಿ ಹೇಳುತ್ತಿದ್ದರು, “ಆ ದಿನ ಹಾಡಿದ್ದು ಅವಳಲ್ಲ, ಇವ.”

ಇದು ಊರಿಗೆ ಗೊತ್ತಿದ್ದ ಮನುಷ್ಯ. ನನಗೆ ಗೊತ್ತಾದವರು ಆಟಿ ತಿಂಗಳಿನವರು.

ಆಟಿಯಲ್ಲಿ, ಅಂದರೆ ಆಷಾಢದ ಜಡಿಮಳೆಯ ತಿಂಗಳಲ್ಲಿ, ನಮ್ಮ ಕಡೆ ಯಾರೂ ಮದುವೆ ಮಾಡುವುದಿಲ್ಲ. ಮೈಕಿನವರಿಗೆ ಕೆಲಸವಿಲ್ಲ. ಮಧ್ಯಾಹ್ನದ ಊಟ ಆದ ಮೇಲೆ ಅವರು ಬಾಗಿಲು ಅರ್ಧ ಮುಚ್ಚಿ ತಮಗೋಸ್ಕರ ಪ್ಲೇಟು ಹಾಕಿಕೊಳ್ಳುತ್ತಿದ್ದರು. ಅವರ ಕೋಣೆಗೂ ನಮ್ಮ ಒಳಜಗಲಿಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ನಾನು ಈಚೆಗೆ ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ಅಮ್ಮ ಅಲ್ಲೇ ಮಲಗಿರುತ್ತಿದ್ದರು.

ಮಂಗಳೂರಿನಲ್ಲಿ ಅವರು ಪ್ಲೇಟು ತರುತ್ತಿದ್ದ ಅಂಗಡಿಯವನದ್ದು ಒಂದು ಹಟ. ಸಿನೆಮಾ ಹಾಡಿನ ಪ್ಲೇಟು ಬೇಕಾದರೆ ಜೊತೆಗೆ ಖರ್ಚಾಗದ ಇಂಗ್ಲಿಷ್ ಪ್ಲೇಟು ಒಂದೆರಡು ತೆಗೆದುಕೊಳ್ಳಲೇಬೇಕು. ಬೇರೆ ಮೈಕಿನವರು ಅವುಗಳನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಬಗ್ಗಿಸಿ ಹೂವಿನ ಕುಂಡ ಮಾಡುತ್ತಿದ್ದರು. ಇವರು ಕೇಳಿದರು. ಮೊದಲು ಕೋಪದಿಂದ ಕೇಳಿದ್ದಿರಬೇಕು. ಆಮೇಲೆ ಅಂಗಡಿಯವನಲ್ಲಿ ತಾವಾಗಿಯೇ, “ಕೆಟ್ಟದ್ದು ಯಾವುದುಂಟು, ಅದು ಕೊಡಿ” ಎನ್ನುವಷ್ಟಾಯಿತು.

ಗಾಯಕರಿಗೆಲ್ಲ ಅವರೇ ಹೆಸರಿಟ್ಟಿದ್ದರು. ಶಬ್ದದ ನಡುವೆ ಗಂಟಲನ್ನು ಕುಣಿಸುವವನು ‘ಬಿಕ್ಕಳಿಕೆಯವ’. ಪಿಯಾನೋವನ್ನು ಹೊಡೆದುಹಾಕುತ್ತ ಒಮ್ಮೆಲೇ ಚೀರುವವನು ‘ಕಂಬಳದವ’, ಕೋಣಗಳ ಹಿಂದೆ ಕೆಸರಿನಲ್ಲಿ ಓಡುವವನ ಕೂಗು ಅದೇ ತಾನೇ. ಎತ್ತರದಲ್ಲಿ ನೂಲಿನಷ್ಟು ತೆಳ್ಳಗೆ ನಡುಗುವವನು ‘ಉಪವಾಸದವ’. ನಾವು ಜೈನರು, ಪರ್ಯುಷಣ ವ್ರತದ ಎಂಟನೇ ದಿನ ನಮ್ಮ ಮನೆಯಲ್ಲಿ ಎಲ್ಲರೂ ಮಾತಾಡುತ್ತಿದ್ದದ್ದು ಆ ದನಿಯಲ್ಲಿ. ಒಬ್ಬಳಿದ್ದಳು, ಮುದುಕಿಯೋ ಹುಡುಗಿಯೋ ಹೇಳಲಾಗದು, ಒಂದೊಂದು ಅಕ್ಷರವನ್ನೂ ವಸಡಿನಲ್ಲಿ ಜಗಿದು ಬಿಡುವವಳು. ಅವಳು ‘ಹಲ್ಲಿಲ್ಲದ ಅಕ್ಕ’. ನಮ್ಮ ಸಿನೆಮಾದವರಲ್ಲೂ ಇಬ್ಬರು ಮೂವರನ್ನು ಅವರು ಈ ಬಳಗಕ್ಕೆ ಸೇರಿಸಿದ್ದರು: ಮೂಗಿನಲ್ಲೇ ಸಂಸಾರ ಮಾಡುವ ಒಬ್ಬ, ಶೋಕಗೀತೆಯಲ್ಲೂ ಜಗಳಕ್ಕೆ ನಿಂತ ಹಾಗೆ ಹಾಡುವ ಒಬ್ಬಳು. ಉಳಿದ ಮಧುರ ಕಂಠದವರಿಗೆಲ್ಲ ಸೇರಿ ಒಂದೇ ಹೆಸರು, ‘ಬೆಲ್ಲ’.

“ಬೆಲ್ಲ ಕೆಟ್ಟದ್ದಾ ಹಾಗಾದರೆ?” ಎಂದು ಗೋಡೆಯ ಈಚೆಯಿಂದ ಕೇಳಿದ್ದೆ.

“ಕೆಟ್ಟದ್ದು ಅಂತ ಯಾರು ಹೇಳಿದ್ದು ತಂಗಿ? ನನ್ನ ಅನ್ನವೇ ಬೆಲ್ಲದ್ದು. ಆದರೆ ಯಾವ ಅಂಗಡಿಯ ಬೆಲ್ಲ ಅಂತ ತಿಂದರೆ ಗೊತ್ತಾಗ್ತದಾ? ಈ ಕಂಬಳದವನನ್ನು ನೋಡು, ಸಂತೆಯಲ್ಲಿ ಬೆನ್ನು ಹಾಕಿ ನಿಂತಿದ್ದರೂ ಗುರ್ತ ಸಿಗ್ತದೆ.”

ಒಂದು ಸಲ ಬಿಕ್ಕಳಿಕೆಯವನು ಏನು ಹೇಳುತ್ತಾನೆಂದು ಕೇಳಿ ಹೇಳಲು ನನಗೆ ಹೇಳಿದರು. ನನ್ನದು ಹೈಸ್ಕೂಲಿನ ಇಂಗ್ಲಿಷ್. ಹಲಗೆಗೆ ಕಿವಿ ಇಟ್ಟು ಮೂರು ಸಲ ಕೇಳಿ, “ಬೇಬಿ ಬೇಬಿ ಅಂತ ಹೇಳ್ತಾನೆ” ಎಂದೆ.

“ಮಗುವಿಗೆ ಇಷ್ಟು ಜೋರು ಹಾಡುವುದಾ? ಮಲಗಿದ್ದು ಏಳುವುದಿಲ್ವಾ?”

ಮಲಗಿದ್ದ ಅಮ್ಮ ಕಣ್ಣು ಮುಚ್ಚಿಕೊಂಡೇ, “ಮಗು ಎದ್ದು ಎಷ್ಟೋ ಹೊತ್ತಾಯ್ತು, ಮೈಕಿನವರೇ. ನಾನು ಕೂಡ ಎದ್ದೆ” ಎಂದರು.

ಮುಳ್ಳಿನ ಸಂಗತಿ ಹೇಳಬೇಕು. ಪ್ಲೇಟಿನ ಒಂದೊಂದು ಬದಿಗೂ ಹೊಸ ಉಕ್ಕಿನ ಮುಳ್ಳು ಹಾಕಬೇಕೆಂದು ನಿಯಮ. ಹಳೆ ಮುಳ್ಳು ಗೀರನ್ನು ತಿಂದುಹಾಕುತ್ತದೆ. ಮದುವೆಗಳಲ್ಲಿ ಇವರು ಹಳೆ ಮುಳ್ಳನ್ನೇ ಸಾಣೆಕಲ್ಲಿಗೆ ತಿಕ್ಕಿ ತಿಕ್ಕಿ ಹಾಕುತ್ತಿದ್ದರು. ಬೆಲ್ಲಕ್ಕೆ ಅಷ್ಟು ಸಾಕು. ಆಟಿಯ ಮಧ್ಯಾಹ್ನಗಳಲ್ಲಿ ಮಾತ್ರ ತಗಡಿನ ಡಬ್ಬಿಯಿಂದ ಹೊಸ ಮುಳ್ಳು ತೆಗೆಯುವ ಸಣ್ಣ ಸದ್ದು ನನಗೆ ಕೇಳಿಸುತ್ತಿತ್ತು. ಆ ಸದ್ದು ಕೇಳಿದರೆ ನಾನು ಅಕ್ಕಿ ಕೇರುವುದನ್ನು ನಿಲ್ಲಿಸುತ್ತಿದ್ದೆ.

ಅವರು ಕೇಳುತ್ತಿದ್ದದ್ದು ಹಾಡನ್ನಲ್ಲ, ಹಾಡಿನಲ್ಲಿ ಒಂದು ಜಾಗವನ್ನು. ಅಲ್ಲಿಗೇ ಮುಳ್ಳನ್ನು ಎತ್ತಿ ಎತ್ತಿ ಇಡುತ್ತಿದ್ದರು. “ಇಲ್ಲಿ ನೋಡು. ಇವನಿಗೆ ಮೇಲಿನ ಸ್ವರ ಬರುವುದಿಲ್ಲ. ಅವನಿಗೂ ಗೊತ್ತುಂಟು. ಬೆಲ್ಲದವನಾದರೆ ಅಲ್ಲಿಗೆ ಹೋಗುವುದೇ ಇಲ್ಲ, ದಾರಿ ಬದಲಿಸ್ತಾನೆ. ಇವ ಹೋಗ್ತಾನೆ. ಬೇಲಿಯ ತನಕ ಹೋಗಿ, ಹಾರಲಿಕ್ಕೆ ಆಗದೆ, ಬೇಲಿ ಹಿಡಿದು ನಿಲ್ತಾನೆ. ನಿಂತದ್ದು ಕೇಳ್ತದಾ?” ಕೇಳುತ್ತಿತ್ತು. ದನಿ ಏರಿ, ಎರಡಾಗಿ ಸೀಳಿ, ಸೀಳಿದ ಎರಡೂ ಒಂದು ಕ್ಷಣ ಪಕ್ಕಪಕ್ಕದಲ್ಲಿ ನಿಲ್ಲುತ್ತಿದ್ದವು.

ಈ ದನಿಗಳನ್ನು ಮದುವೆ ಚಪ್ಪರದಲ್ಲಿ ಹಾಕಲು ಅವರು ಒಂದೇ ಸಲ ಧೈರ್ಯ ಮಾಡಿದ್ದು. ಉಜಿರೆಯ ಹತ್ತಿರ ಒಂದು ಮನೆ. ಊಟದ ಹೊತ್ತಿಗೆ ಕಂಬಳದವನನ್ನು ಬಿಟ್ಟರು. ಅಡಿಗೆಯವನು ಸೌಟು ಹಿಡಿದುಕೊಂಡೇ ಓಡಿಬಂದು “ಯಾರಿಗೆ ಎಂತಾಯ್ತು?” ಎಂದ. ಯಜಮಾನರು ಇವರ ಮೇಲೆ ಕೂಗಲು ಶುರುಮಾಡಿದರು. ಅಷ್ಟರಲ್ಲಿ ಮೂಲೆಯ ಎಲೆಯಲ್ಲಿ ಕೂತಿದ್ದ ಕಿವಿ ಮಂದದ ಮುದುಕರೊಬ್ಬರು ತಲೆಯೆತ್ತಿ, “ಹೋ, ಇದು ಒಂದು ಕೇಳ್ತದೆ ಮಾರಾಯ. ಪುನಃ ಹಾಕು” ಎಂದರಂತೆ. ಇದನ್ನು ಅವರು ನನಗೆ ಹೇಳಿದ್ದು ತುಂಬ ಸಲ. ಪ್ರತಿ ಸಲ ಮುದುಕರ ಮಾತು ಬೇರೆಯಾಗಿರುತ್ತಿತ್ತು. ಮುದುಕರು ಇದ್ದರು ಎಂಬುದನ್ನಾದರೂ ನಂಬೋಣ.

ಇನ್ನು ನನ್ನ ದನಿ.

ಒಂಬತ್ತನೆಯ ವಯಸ್ಸಿನಲ್ಲಿ ನನಗೆ ಗಂಟಲಿನ ಕಾಯಿಲೆಯೊಂದು ಬಂದು, ವಾಸಿಯಾಗಿ, ದನಿಯನ್ನು ಒಡೆದು ಹೋಯಿತು. ಶಾಲೆಯ ಪ್ರಾರ್ಥನೆಗೆ ಅಧ್ಯಾಪಕಿ ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, “ನೀನು ತುಟಿ ಮಾತ್ರ ಅಲ್ಲಾಡಿಸು” ಎಂದಿದ್ದರು. ಅದರಿಂದ ನನಗೆ ದುಃಖವಾದ ನೆನಪಿಲ್ಲ. ದುಃಖ ಬಂದದ್ದು ಹುಡುಗಿ ನೋಡುವ ಶಾಸ್ತ್ರ ಶುರುವಾದ ಮೇಲೆ. ಬಂದವರು ತಿಂಡಿ ತಿಂದು, ಕೈ ತೊಳೆದು, ಹೊಲಿಗೆ ಗೊತ್ತುಂಟಾ ಎಂದು ಕೇಳಿ, ಕೊನೆಗೆ ಒಂದು ಹಾಡು ಹೇಳಲಿ ಎನ್ನುವುದು ಎಲ್ಲ ಕಡೆ ಇದ್ದದ್ದೇ. ನಾನು ಹಾಡಿದೆ. “ಮಗಳಿಗೆ ಶೀತವಾ?” ಎಂದು ಮೊದಲನೆಯವರು ಕೇಳಿದರು. “ಇಲ್ಲ, ಅದು ಹಾಗೆಯೇ” ಎಂದರು ಅಪ್ಪ. ಅವರಿಗೆ ಸುಳ್ಳು ಬರುತ್ತಿರಲಿಲ್ಲ. ಎರಡನೆಯವರು ಏನೂ ಕೇಳಲಿಲ್ಲ. ಎರಡು ಕಡೆಯಿಂದಲೂ ಜಾತಕ ಕೂಡಿಬರುವುದಿಲ್ಲವೆಂದು ಕಾಗದ ಬಂತು.

ಮೈಕಿನವರು ನನ್ನ ದನಿಯ ಬಗ್ಗೆ ಒಮ್ಮೆಯೂ ಮಾತಾಡಿರಲಿಲ್ಲ. ಒಮ್ಮೆ ಮಾತ್ರ, ಒಣಗಲು ಹಾಕಿದ್ದ ಹಪ್ಪಳವನ್ನು ಕಾಗೆ ಕಚ್ಚಿಕೊಂಡು ಹೋದಾಗ ನಾನು ಅಂಗಳದಲ್ಲಿ ನಿಂತು ಅದಕ್ಕೆ ಬೈಯುತ್ತಿದ್ದೆ. ಅವರು ಕಿಟಕಿಯಲ್ಲಿ ಮುಖ ಹಾಕಿ, “ತಂಗಿ, ಇನ್ನೊಮ್ಮೆ ಬೈ” ಎಂದರು. ತಮಾಷೆ ಮಾಡುತ್ತಿದ್ದಾರೆಂದು ತಿಳಿದು ಒಂದು ವಾರ ಅವರೊಂದಿಗೆ ಮಾತು ಬಿಟ್ಟೆ. ಅವರ ಮುಖದಲ್ಲಿ ನಗು ಇರಲಿಲ್ಲ ಎಂದು ಈಗ ಬರೆಯಬೇಕೆನ್ನಿಸುತ್ತದೆ. ಆದರೆ ಆಗ ನಾನು ಅವರ ಮುಖವನ್ನು ನೋಡಿದ್ದು ಹೌದಾ?

ಮೂರನೆಯ ಸಂಬಂಧ ತಂದದ್ದು ವೇಣೂರಿನ ಸೋದರಮಾವ. ಹುಡುಗ ಬೆಳ್ತಂಗಡಿಯ ಕಡೆ ಶಾಲೆಯ ಮಾಸ್ತರು. ನಾನು ಅವರನ್ನು ಒಂದು ಸಲ ನೋಡಿದ್ದೆ, ನಮ್ಮ ಬಸದಿಯ ಮೆಟ್ಟಿಲಲ್ಲಿ ಕೂತು ಒಂದು ದಪ್ಪ ಪುಸ್ತಕವನ್ನು ಗಾಳಿಗೆ ಹಾಳೆ ಹಾರದಂತೆ ಮೊಣಕೈಯಲ್ಲಿ ಒತ್ತಿಹಿಡಿದು ಓದುತ್ತಿದ್ದರು. ಅಷ್ಟೇ. ಆ ಮೊಣಕೈಯನ್ನು ಮದುವೆಯಾಗಬೇಕೆಂದು ನನಗೆ ತುಂಬ ಆಸೆಯಾಯಿತು. ಇದನ್ನು ಯಾರಿಗೂ ಹೇಳಿರಲಿಲ್ಲ. ಈ ಸಲ ತಪ್ಪಿದರೆ ಮುಂದೆ ತಾನು ಸಂಬಂಧ ಹುಡುಕುವುದಿಲ್ಲವೆಂದು ಮಾವ ಸ್ಪಷ್ಟವಾಗಿ ಹೇಳಿದ್ದರು.

ಮಾವನೇ ಒಂದು ಉಪಾಯವನ್ನೂ ತೆಗೆದರು. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಊಟ ತಿಂಡಿ ಇಲ್ಲ, ಬರುವವರೂ ನಮ್ಮವರೇ. ಬೆಳ್ತಂಗಡಿಯ ಬಸ್ಸು ಬರುವುದೇ ಮಧ್ಯಾಹ್ನ ಕಳೆದು. ಬಂದ ಕೂಡಲೇ ಮೈಕಿನವರಿಂದ ಪ್ಲೇಟು ಹಾಕಿಸುವುದು, ಪ್ಲೇಟಿನ ನಡುವೆಯೇ ಮಾತು, ಪ್ಲೇಟಿನ ನಡುವೆಯೇ ಹೊತ್ತು ಮುಳುಗುವ ಮೊದಲು ತಿಂಡಿ, ಎದ್ದರೆ ಬಸ್ಸಿನ ಹೊತ್ತು.

“ಮನೆ ತುಂಬ ಹಾಡು ಇರುವಾಗ ಇನ್ನೊಂದು ಹಾಡು ಅಂತ ಯಾರು ಕೇಳ್ತಾರೆ?” ಎಂದರು ಮಾವ.

“ಮದುವೆಯ ಮಾರನೇ ದಿನ ಇವಳು ಬಾಯಿ ತೆರೆಯುವುದಿಲ್ವಾ?” ಎಂದರು ಅಮ್ಮ.

“ಮಾರನೇ ದಿನದ್ದು ಮಾರನೇ ದಿನಕ್ಕೆ. ಭಾವನ ಗೊರಕೆ ನಿನಗೆ ಮೊದಲೇ ಗೊತ್ತಿತ್ತಾ?”

ಮೈಕಿನವರನ್ನು ಕರೆಸಿದರು. ಮಾವ ಅವರಿಗೆ ಹೇಳಿದ್ದು ನಾನು ಒಳಗಿನಿಂದ ಕೇಳಿದೆ: “ನಿಮ್ಮ ಹುಚ್ಚು ಪ್ಲೇಟು ಒಂದೂ ಬೇಡ. ಒಳ್ಳೆಯದು ಹಾಕಿ. ಮತ್ತೆ, ಒಂದು ಎಣಿಸುವಷ್ಟು ಕೂಡ ತೆರಪು ಬಿಡಬಾರದು. ಎಂತಕ್ಕೆ ಅಂತ ನಿಮಗೆ ಗೊತ್ತುಂಟಲ್ಲ?” ಮೈಕಿನವರು “ಗೊತ್ತುಂಟು” ಎಂದರು. ಆಮೇಲೆ, “ತಂಗಿಗೆ ಒಪ್ಪಿಗೆಯಾ?” ಎಂದು ಕೇಳಿದರು. “ಅವಳದ್ದೇ ಅಲ್ವಾ ಮದುವೆ? ಒಪ್ಪಿಗೆ ಇಲ್ಲದೆ?” ಎಂದರು ಮಾವ. ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ಹೌದು ಎನ್ನುತ್ತಿದ್ದೆ.

ಆ ದಿನ ಬಂದವರು ಮೂವರು: ಮಾಸ್ತರು, ಅವರ ದೊಡ್ಡಮ್ಮ, ಒಬ್ಬ ಹಿರಿಯರು. ಚಾವಡಿಯಲ್ಲಿ ಚಾಪೆ. ಮೂಲೆಯಲ್ಲಿ, ಎಲ್ಲರಿಗೂ ಬೆನ್ನು ಮಾಡಿ, ಯಂತ್ರದ ಮುಂದೆ ಮೈಕಿನವರು. ಬೆಲ್ಲದ ಮೇಲೆ ಬೆಲ್ಲ ಹರಿಯುತ್ತಿತ್ತು. ನಾನು ಪಾನಕದ ತಟ್ಟೆ ತಂದಿಟ್ಟು ಅಮ್ಮನ ಪಕ್ಕ ಕೂತೆ. ಕೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಮಾಸ್ತರು ನನ್ನ ಕಡೆ ಎರಡು ಸಲ ನೋಡಿದರು. ಎರಡನೆಯ ಸಲ ನಕ್ಕರು. ಎಲ್ಲ ಮಾವನ ಲೆಕ್ಕದಂತೆಯೇ ನಡೆದಿತ್ತು. ಒಳಗೆ ಶೀರದ ಪರಿಮಳ. ಹೊರಗೆ ಬಿಸಿಲು ಇನ್ನೂ ತುಳಸಿಕಟ್ಟೆಯ ಮೇಲಿತ್ತು. ತುಳಸಿಕಟ್ಟೆ? ನಮ್ಮ ಮನೆಯಲ್ಲಿ ಅದಿರಲಿಲ್ಲ. ಬಾವಿಕಟ್ಟೆಯಿರಬೇಕು.

ಆಗ ಹಾಡುತ್ತಿದ್ದವಳ ದನಿ ಕುಸಿಯತೊಡಗಿತು. ಮೊದಲು ನಿದ್ದೆ ಬಂದವಳಂತೆ. ಆಮೇಲೆ ಗಂಡಸಿನಂತೆ. ಆಮೇಲೆ ಕೊಟ್ಟಿಗೆಯ ಕೋಣದಂತೆ. ಕೊನೆಗೆ ಒಂದು ಅಕ್ಷರದ ಅರ್ಧದಲ್ಲಿ ನಿಂತೇಹೋಯಿತು. ದೊಡ್ಡಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು.

“ಎಂತ ಮಾರಾಯ್ರೇ?” ಮಾವನ ದನಿ ಸಣ್ಣದಾಗಿತ್ತು.

“ಸ್ಪ್ರಿಂಗು ಹೋಯ್ತು,” ಎಂದರು ಮೈಕಿನವರು, ತಿರುಗದೆ. “ಸ್ವಲ್ಪ ಹೊತ್ತು.”

ಆ ಸ್ವಲ್ಪ ಹೊತ್ತು ನಮ್ಮ ಚಾವಡಿಯಲ್ಲಿ ಕೂತಿತು. ಅಪ್ಪ ಕೆಳಗೆ ನೋಡಿದರು. ಹೊರಗೆ ಯಾರೋ ಸೈಕಲ್ಲಿನ ಬೆಲ್ಲು ಹೊಡೆದುಕೊಂಡು ಹೋದರು.

“ಹಾಗಾದರೆ ಮಗಳೇ ಒಂದು ಹೇಳಲಿ,” ಎಂದರು ದೊಡ್ಡಮ್ಮ, ಒಳ್ಳೆಯ ಮನಸ್ಸಿನಿಂದಲೇ. “ಯಂತ್ರಕ್ಕಿಂತ ಮನುಷ್ಯರದ್ದು ಚಂದ.”

“ಅವಳಿಗೆ ಶೀತ,” ಎಂದರು ಮಾವ.

“ಶೀತದಲ್ಲೇ ಹೇಳಲಿ. ನಾವೇನು ರೇಡಿಯೋದವರಾ?”

ನಾನು ಮೈಕಿನವರ ಬೆನ್ನನ್ನು ನೋಡಿದೆ. ಯಂತ್ರದ ಮುಚ್ಚಳ ತೆರೆದಿತ್ತು, ಕೈಯಲ್ಲಿ ತಿರುಪುಳಿ. ಕೈ ಅಲ್ಲಾಡುತ್ತಿರಲಿಲ್ಲ. ಆಟಿಯ ಮಧ್ಯಾಹ್ನಗಳಲ್ಲಿ ಹೊಸ ಮುಳ್ಳು ಇಟ್ಟ ಮೇಲೆ, ದನಿ ಬರುವ ಮೊದಲು ಬರೀ ಗೀರಿನ ಸದ್ದು ಇರುತ್ತದಲ್ಲ, ಆಗ ಗೋಡೆಯ ಆಚೆ ಅವರು ಹೀಗೆಯೇ ಕೂತಿರುತ್ತಿದ್ದರೆಂದು ನನಗೆ ಅನ್ನಿಸಿತು.

ಹಾಡಿದೆ. ಅಮ್ಮ ಕಲಿಸಿದ್ದ ಒಂದು ಸ್ತುತಿ, ನಾಲ್ಕು ಸಾಲಿನದ್ದು. ಎರಡು ಸಾಲು ಹಾಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಎರಡನೆಯ ಸಾಲಿನ ಕೊನೆಯಲ್ಲಿ ದನಿ ಸೀಳಿತು, ಆ ಹಿರಿಯರು ಗಂಟಲು ಸರಿಮಾಡಿಕೊಂಡರು, ನಾನು ನಿಲ್ಲಿಸಿದೆ. ಮಾಸ್ತರು ಕೈಯಲ್ಲಿದ್ದ ಲೋಟದೊಳಗೆ ನೋಡುತ್ತಿದ್ದರು. ದೊಡ್ಡಮ್ಮ “ಹೂಂ, ಭಕ್ತಿ ಉಂಟು” ಎಂದರು. ತಿಂಡಿ ತಿಂದರು. ಬೆಳಕಿರುವಾಗಲೇ ಹೊರಟರು.

ಜಾತಕದ ಕಾಗದ ಬರಲು ಹೆಚ್ಚು ದಿನ ಹಿಡಿಯಲಿಲ್ಲ.

ಮೈಕಿನವರು ಮರುದಿನವೇ ಯಂತ್ರವನ್ನು ಬಂಟವಾಳಕ್ಕೆ ಒಯ್ದು, ಎರಡು ದಿನ ಬಿಟ್ಟು ಬಂದು, ಕಡಿದ ಸ್ಪ್ರಿಂಗನ್ನು ಪೇಪರಿನಲ್ಲಿ ಸುತ್ತಿ ಅಪ್ಪನ ಮುಂದೆ ಇಟ್ಟರು. “ಇದು ಆ ದಿನದ್ದೇ ಅಂತ ಎಂತ ಗ್ಯಾರಂಟಿ?” ಎಂದರು ಮಾವ. “ನಾನು,” ಎಂದರಂತೆ ಇವರು. ಆ ಉತ್ತರ ಮಾವನಿಗೆ ಸಾಕಾಗಲಿಲ್ಲ. ತಿಂಗಳು ಮುಗಿಯುವುದರೊಳಗೆ ಕೋಣೆ ಖಾಲಿ ಮಾಡಬೇಕಾಯಿತು. ನಮ್ಮ ನಂಟರ ಮನೆಗಳಲ್ಲೆಲ್ಲ ಮುಂದೆ ಬೇರೆ ಮೈಕಿನವರು ಬಂದರು. ಹುಡುಗಿ ನೋಡುವ ದಿನ ಯಂತ್ರ ನಿಂತದ್ದು ಅಪಶಕುನವೆಂದು ಹಬ್ಬಿದ ಮೇಲೆ ಅವರನ್ನು ಮದುವೆಗೆ ಕರೆಯುವವರು ಕಡಿಮೆಯಾದರು. ಪೆಟ್ಟಿಗೆ ಹೊತ್ತುಕೊಂಡು ಹೋಗುವಾಗ ಅವರು ನಮ್ಮ ಅಂಗಳದಲ್ಲಿ ಸ್ವಲ್ಪ ನಿಂತರು. ನಾನು ಹೊರಗೆ ಬರಲಿಲ್ಲ.

ಬರಲಿಲ್ಲ, ಯಾಕೆಂದರೆ ನನಗೆ ಕೋಪ ಬಂದಿತ್ತು. ಇದನ್ನು ಮೆತ್ತಗೆ ಮಾಡಿ ಬರೆಯುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ದನಿ. ನನಗೆ ಬೇಕಾಗಿದ್ದದ್ದು ಒಂದು ಮನೆ, ಒಂದು ಮೊಣಕೈ. ಬೇಲಿ ಹಿಡಿದು ನಿಂತವನ ಚಂದವನ್ನು ಗೋಡೆಯ ಆಚೆ ಕೂತು ನೋಡಬಹುದು. ಬೇಲಿ ಹಿಡಿದವಳಿಗೆ ಮುಳ್ಳು ಚುಚ್ಚುತ್ತದೆ. ಎಷ್ಟೋ ದಿನ ನಾನು ಹಲಗೆಯ ಗೋಡೆಯ ಹತ್ತಿರ ಕೂರದೆ, ಅಕ್ಕಿಯನ್ನು ಅಂಗಳಕ್ಕೆ ಒಯ್ದು ಆರಿಸಿದೆ.

ಮಾವ ತಮ್ಮ ಮಾತಿನಂತೆ ಮತ್ತೆ ಸಂಬಂಧ ತರಲಿಲ್ಲ. ಅಪ್ಪ ನನ್ನನ್ನು ಶಿಕ್ಷಕಿಯರ ತರಬೇತಿಗೆ ಕಳಿಸಿದರು. ಕೆಲಸ ಸಿಕ್ಕಿದ್ದು ಬೆಳ್ತಂಗಡಿ ತಾಲೂಕಿನಲ್ಲಿ. ಎರಡನೆಯ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಮೈಕು ಗೊತ್ತುಮಾಡಿ ಬರಲು ಹೆಡ್‌ಮಾಸ್ತರರು ನನ್ನನ್ನೂ ಇನ್ನೊಬ್ಬ ಟೀಚರನ್ನೂ ಬಂಟವಾಳಕ್ಕೆ ಕಳಿಸಿದರು. ಪೇಟೆಯಲ್ಲಿ ಹೇಳಿದ ಅಂಗಡಿಗೆ ಹೋದರೆ ಒಳಗೆ ಇವರು. ತಲೆ ನರೆತಿತ್ತು. ಕೀಲಿಯ ಯಂತ್ರದ ಜಾಗದಲ್ಲಿ ಕರೆಂಟಿನದ್ದು ಬಂದಿತ್ತು.

“ಟೀಚರಾ ಈಗ?” ಎಂದರು. ‘ತಂಗಿ’ ಹೋಗಿತ್ತು.

“ಹೌದು.”

“ಹಿಂದಿನ ಬೆಂಚಿಗೆ ಕೇಳ್ತದಾ?”

“ಪಕ್ಕದ ಕ್ಲಾಸಿಗೂ ಕೇಳ್ತದೆ. ಅವರು ಕಂಪ್ಲೇಂಟು ಮಾಡ್ತಾರೆ.”

ನಕ್ಕರು. ಜೊತೆಯ ಟೀಚರು ಸೋಡಾ ಕುಡಿಯಲು ಪಕ್ಕದ ಅಂಗಡಿಗೆ ಹೋದಾಗ ನಾನು ಕೇಳಿಯೇಬಿಟ್ಟೆ, “ಆ ದಿನ ಸ್ಪ್ರಿಂಗು ನಿಜವಾಗಿ ಹೋದದ್ದಾ?”

“ನಿಜವಾಗಿ ಹೋದದ್ದೇ. ಅದು ನನ್ನ ಅನ್ನ, ಸುಮ್ಮನೆ ಯಾರು ನಿಲ್ಲಿಸ್ತಾರೆ?” ವಯರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸಿಪ್ಪೆ ತೆಗೆದರು. ಆಮೇಲೆ ಅದೇ ದನಿಯಲ್ಲಿ, “ಆದರೆ ಬೆರಳಿತ್ತು. ಬೆರಳಿನ ನೆನಪಾಯ್ತು. ಅಷ್ಟರಲ್ಲಿ ಆ ಹೆಂಗಸು ಮಗಳು ಹೇಳಲಿ ಅಂದರು. ಬೆರಳು ಇಡಲಿಲ್ಲ,” ಎಂದರು.

ನಾನು ಕೋಪ ಮಾಡಿಕೊಳ್ಳಬೇಕಿತ್ತು. ಕ್ಷಮೆ ಕೇಳಬಹುದೆಂದು ಕಾದೆ. ಕೇಳಲಿಲ್ಲ. ಅವರು ಹೇಳಿದ್ದು ಬೇರೆ:

“ಮೂರನೆಯ ಸಾಲಿನಲ್ಲಿ ದನಿ ಒಡೆಯಿತಲ್ಲ ಟೀಚರೇ, ಅಲ್ಲಿ ನೀವು ಉಸಿರು ತೆಗೆದಿರಿ. ತೆಗೆಯಬಾರದಿತ್ತು. ಒಡೆದದ್ದನ್ನು ಹಾಗೇ ಬಿಡಬೇಕಿತ್ತು. ಉಳಿದದ್ದೆಲ್ಲ…” ಎನ್ನುವಷ್ಟರಲ್ಲಿ ಟೀಚರು ಸೋಡಾ ಕುಡಿದು ಬಂದರು. ಇವರು ಮೈಕಿನ ದಿನ ಬರೆದುಕೊಂಡರು. ವಾರ್ಷಿಕೋತ್ಸವಕ್ಕೆ ಅವರ ಬದಲು ಬೇರೆ ಯಾರೋ ಬಂದರು. ನಾನು ಅವರನ್ನು ಮತ್ತೆ ನೋಡಲಿಲ್ಲ.

ನಾನು ಕೇಳಿಸಿಕೊಂಡದ್ದು ಇಷ್ಟು. ಕೇಳಿಸಿಕೊಂಡೆನೆಂದು ಇಷ್ಟು ವರ್ಷ ನಂಬಿದ್ದು ಇಷ್ಟು. ಬೆರಳಿನ ಮಾತನ್ನು ಅವರು ನಿಜವಾಗಿ ಹೇಳಿದರೋ, ಅಥವಾ ಅವರು ನನಗಾಗಿ ಏನೋ ಬಿಟ್ಟುಕೊಟ್ಟರು, ಇಲ್ಲವೇ ನನ್ನಿಂದ ಏನೋ ಕಸಿದುಕೊಂಡರು ಎಂದು ಖಚಿತ ಮಾಡಿಕೊಳ್ಳಲು ನಾನೇ ಸೇರಿಸಿದೆನೋ, ಆಣೆ ಹಾಕಲಾರೆ. ಆದರೆ ಮೂರನೆಯ ಸಾಲಿನ ಮಾತು ನಾನು ಸೇರಿಸಿದ್ದಲ್ಲ. ಅದು ನನ್ನ ಬಳಿ ಇದ್ದ ಕತೆಗೆ ಕೂಡುವುದೇ ಇಲ್ಲ. ಬಂಟವಾಳದಿಂದ ಹಿಂದೆ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಂಬಿ ಹಿಡಿದು ಮತ್ತೆ ಮತ್ತೆ ಎಣಿಸಿದೆ. ನಾನು ಹಾಡಿದ್ದು ಎರಡು ಸಾಲು. ಎರಡಕ್ಕೆ ನಿಂತೆ. ಹಿರಿಯರು ಗಂಟಲು ಸರಿಮಾಡಿಕೊಂಡದ್ದಕ್ಕೆ ನಿಂತೆ. ಆ ಗಂಟಲಿನ ಸದ್ದಿನ ಮೇಲೆ ನಾನು ನನ್ನ ಮುಂದಿನ ಬದುಕಿನ ಬೇಸರವನ್ನೆಲ್ಲ ಕಟ್ಟಿದ್ದೆ.

ಅಮ್ಮನನ್ನು ಕೇಳಿದೆ. “ನಾಲ್ಕೂ ಹಾಡಿದ್ದಿ. ನಾನು ಒಲೆಯ ಮೇಲಿನ ಶೀರ ನೋಡಲಿಕ್ಕೆ ಹೋಗಿದ್ದೆ. ಯಾವಾಗ ಮುಗೀತದೆ ಅಂತ ಕಾದು ಕಾದು ತಳ ಹಿಡಿಯಿತು,” ಎಂದರು. ಆದರೆ ಅಮ್ಮ ನನ್ನ ಪಕ್ಕದಲ್ಲೇ ಕೂತಿದ್ದರಲ್ಲ?

ಎರಡು ಸಾಲಾದರೆ ನನ್ನನ್ನು ನಿಲ್ಲಿಸಿದರು. ಮೂರಾದರೆ, ದನಿ ಸೀಳಿದ ಮೇಲೂ, ಲೋಟದೊಳಗೆ ನೋಡುತ್ತಿದ್ದ ಮಾಸ್ತರರ ಎದುರಿನಲ್ಲೂ, ನಾನೇ ಮುಂದೆ ಹೋದೆ. ಇವೆರಡು ಬೇರೆ ಬೇರೆ ಹುಡುಗಿಯರು. ಅವರಲ್ಲಿ ಯಾವಳು ಬೆಳೆದು ನಾನಾದಳು ಎಂದು ಹೇಳಬಲ್ಲಷ್ಟು ಗಮನವಿಟ್ಟು ಆ ದಿನ ಕೇಳಿದ್ದವರು ಮೈಕಿನವರೊಬ್ಬರೇ.

ಮಾಸ್ತರರು ಈಗಲೂ ಒಮ್ಮೊಮ್ಮೆ ಬೆಳ್ತಂಗಡಿಯ ಬಸ್ಸಿನಲ್ಲಿ ಸಿಗುತ್ತಾರೆ. ಎರಡು ಮಕ್ಕಳ ತಂದೆ. ನಮಸ್ಕಾರ ಮಾಡುತ್ತಾರೆ, ನಾನೂ ಮಾಡುತ್ತೇನೆ. ಅವರನ್ನು ಕೇಳಬಹುದು. ಕೇಳಿಲ್ಲ. ಮೂರನೆಯ ಸಾಲನ್ನು ಹಾಡಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ.